ಕಲ್ಲವ್ವನ ಸೊನ್ನೆಗಳು

ರೋಣ, ರವಿವಾರ

ನಾಹೀದ,

ಒಂದು ಸಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ನಿನಗೆ ಬರೆಯಬೇಕೆಂದು ಎರಡು ದಿನ ಯೋಚಿಸಿದೆ. ಬಿಟ್ಟಿದ್ದರೂ ಪತ್ರ ಪೂರ್ತಿಯಾಗಿಯೇ ಕಾಣುತ್ತಿತ್ತು. ಆ ಸಾಲು ಇದು: ಗಜೇಂದ್ರಗಡದ ರೋಗಿಗಳ ದಿನಚರಿಯಲ್ಲಿ ಸುಳ್ಳು ತುಂಬಿದ್ದಾರೆ ಎಂದು ಮಾರ್ಚ್ ತಿಂಗಳಲ್ಲಿ ನಿನ್ನ ಆಸ್ಪತ್ರೆಯ ಸಮಿತಿಗೆ ಹೆಸರಿಲ್ಲದ ದೂರು ಬಂತಲ್ಲ, ಅದನ್ನು ಬರೆದವಳು ನಾನು.

ಇಂಗ್ಲಿಷಿನಲ್ಲಿ ಬರೆದೆ. ಗದಗಿನ ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ನಾವಿಬ್ಬರೂ ಬೆಂಚಿನ ಮೇಲೆ ನಿಂತವರು, ಆ ಭಾಷೆ ನಮಗೆ ಎಷ್ಟು ಚೆನ್ನಾಗಿ ಒಗ್ಗಿದೆ ಎನ್ನುವುದು ನಿನಗೆ ಗೊತ್ತು. ಒಂದೂವರೆ ಪುಟ. ಎಲ್ಲೂ ಸಿಟ್ಟು ಕಾಣುವುದಿಲ್ಲ, ಒಂದು ಪದವೂ ಹೆಚ್ಚಿಲ್ಲ. ಬರೆದು ಓದಿದಾಗ ನನಗೆ ಖುಷಿಯಾಯಿತು. ದೂರು ಕೊಟ್ಟದ್ದಕ್ಕಿಂತ ಆ ಖುಷಿಗೆ ಈಗ ಹೆಚ್ಚು ನಾಚಿಕೆಯಾಗುತ್ತದೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ. ಇಲ್ಲಿ ವಾಕ್ಯಗಳು ನನ್ನನ್ನು ಅಷ್ಟು ಸುಲಭವಾಗಿ ಬಚ್ಚಿಡುವುದಿಲ್ಲ.

ಕಲ್ಲವ್ವ ಚಿಗವ್ವನನ್ನು ಕಳೆದ ವರ್ಷ ದಸರೆಗೆ ಮುಂಚೆ ಹುಬ್ಬಳ್ಳಿಗೆ ನಿನ್ನ ಹತ್ತಿರ ಕರೆತಂದವಳೂ ನಾನೇ. ನನ್ನ ಅವ್ವನ ತಂಗಿ, ಅರವತ್ತಮೂರು ವರ್ಷ. ಅದರಲ್ಲಿ ಐವತ್ತು ವರ್ಷ ಗಜೇಂದ್ರಗಡದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಸೀರೆ ನೇಯ್ದವಳು. ನೀನು ಅವಳ ಹೃದಯದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದೆ. ಮೂರೂ ನಾಳ ಕಟ್ಟಿವೆ, ಸಕ್ಕರೆ ಕಾಯಿಲೆ ಅವನ್ನು ತುದಿಯವರೆಗೂ ಸಣ್ಣ ಮಾಡಿದೆ, ಬೈಪಾಸ್ ಮಾಡೋಣವೆಂದರೆ ಹೊಲಿಯಲು ಗಟ್ಟಿ ಜಾಗವೇ ಇಲ್ಲ ಎಂದೆ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ನಿನ್ನ ಸಂಶೋಧನೆಯ ಮಾತು ತೆಗೆದೆ. ದೊಡ್ಡ ನಾಳ ಕಟ್ಟಿದ ಕಡೆ ಪಕ್ಕದಿಂದ ಕೂದಲೆಳೆಯಂಥ ಹೊಸ ನಾಳಗಳು ಬೆಳೆಯುವಂತೆ ಮಾಡುವ ಔಷಧ, ಹೃದಯದ ಸ್ನಾಯುವಿಗೇ ಸೂಜಿ. ಚಿಗವ್ವ ಎಲ್ಲ ಕೇಳಿ, "ಅಂದ್ರ ನನ್ನ ಎದಿಯೊಳಗ ಹೊಸಾ ಎಳಿ ಹಾಸತೀರೇನ್ರಿ ಡಾಕ್ಟರ?" ಎಂದಳು. ನೀನು ನಕ್ಕು, "ಹೌದ್ರಿ ಚಿಗವ್ವಾರ, ಬರೋಬ್ಬರಿ ಹಂಗ" ಎಂದೆ.

ಸೇರಿದವರಲ್ಲಿ ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಬರೀ ಉಪ್ಪುನೀರು, ಯಾರಿಗೆ ಯಾವುದು ಎನ್ನುವುದು ಕೊನೆಯವರೆಗೂ ನಿನಗೂ ಗೊತ್ತಾಗುವುದಿಲ್ಲ ಎಂದು ನೀನು ಬಿಡಿಸಿ ಹೇಳಿದೆ. ಚಿಗವ್ವನ ಗಂಡ ಹನಮಂತಪ್ಪ ಕಾಕಾ ಅದನ್ನು ತಿರುಗಿ ಹೋಗುವಾಗ ಬಸ್ಸಿನ ತುಂಬ ಹೇಳಿ ನಗಿಸಿದ: "ನೀರ ಹಾಕಿ ಹಾಲ ಅನ್ನಾವರನ್ನ ಕಂಡೇನಿ. ನೀರ ಕೊಡತೇವಿ ಅಂತ ಮದಲ ಹೇಳಿ ನೀರ ಕೊಡಾವರನ್ನ ಇವತ್ತ ಕಂಡೆ ನೋಡಪಾ."

ಒಪ್ಪಿಗೆಯ ಕಾಗದವನ್ನು ಕನ್ನಡಕ್ಕೆ ತಂದವಳು ನಾನು, ಅದಕ್ಕೆ ಸಾಕ್ಷಿಯ ಸಹಿ ಹಾಕಿದವಳೂ ನಾನು. ದಿನಚರಿಯ ಪ್ರಶ್ನೆಯೂ ನನ್ನದೇ: 'ಇಂದು ಎದೆನೋವು ಎಷ್ಟು ಸಲ ಬಂತು?' ಎದುರಿಗೆ ಒಂದು ಚೌಕ. ಓದಲು ಬಾರದವರ ಮನೆಗೆ ದಿನಾ ಸಂಜೆ ಹೋಗಿ, ಕೇಳಿ, ಚೌಕದಲ್ಲಿ ಸಂಖ್ಯೆ ಬರೆಯಲು ನೀನು ಗಜೇಂದ್ರಗಡದವಳೇ ಆದ ನರ್ಸ್ ಗುಲ್ಷನಳನ್ನು ನೇಮಿಸಿದೆ. ಸೂಜಿಗೆ ಮುಂಚಿನ ವಾರಗಳಲ್ಲಿ ಚಿಗವ್ವನ ಲೆಕ್ಕ ವಾರಕ್ಕೆ ಐದು, ಆರು. ಜನವರಿ ಕೊನೆಗೆ ಸೂಜಿಯಾಯಿತು. ಫೆಬ್ರವರಿ ಹದಿನೇಳರಿಂದ ಸೊನ್ನೆಗಳು ಶುರುವಾದವು.

ಮಾರ್ಚ್ ಮಧ್ಯದಲ್ಲಿ ನೀನು ನನಗೊಂದು ಸಂದೇಶ ಕಳಿಸಿದೆ. 'ನಿಮ್ಮ ಚಿಗವ್ವ ನಾಲ್ಕು ವಾರ ಸೊನ್ನೆ. ಯಾರಿಗೂ ಹೇಳಬೇಡ. ಕುಣಿಯಬೇಕು ಅನ್ನಿಸುತ್ತಿದೆ.' ಮೊದಲು ನನಗೂ ಹಾಗೇ ಅನ್ನಿಸಿತು. ಆಮೇಲೆ, ಯಾರಿಗೆ ಯಾವುದು ಗೊತ್ತಿಲ್ಲದವಳು ಇಷ್ಟು ಯಾಕೆ ಕುಣಿಯಬೇಕು ಎಂದು ಒಂದು ಎಳೆ ಮನಸ್ಸಿನಲ್ಲಿ ಸಿಕ್ಕಿಕೊಂಡಿತು. ಇಂಥ ಪರೀಕ್ಷೆಗಳಲ್ಲಿ ಹಿಂದೆ ಉಪ್ಪುನೀರಿನವರೂ ಸುಧಾರಿಸಿದ್ದೇವೆ ಎಂದಿದ್ದಾರೆ, ಅದಕ್ಕೇ ಹುಷಾರಾಗಿರಬೇಕು ಎಂದು ನನಗೆ ಹೇಳಿಕೊಟ್ಟವಳು ನೀನೇ ಅಲ್ಲವೇ?

ಅದೇ ವಾರ ಗಜೇಂದ್ರಗಡಕ್ಕೆ ಹೋದೆ. ಚಿಗವ್ವ ಮಗ್ಗದಲ್ಲಿದ್ದಳು. ಅವಳು ಯಾವಾಗಲೂ ಮಗ್ಗದಲ್ಲೇ ಇರುತ್ತಾಳೆ. ಕೆಂಪು ಅಂಚಿನ ಮದುವೆ ಸೀರೆ ಅರ್ಧಕ್ಕೆ ಬಂದಿತ್ತು. ನಾನು ಎದುರಿಗೆ ಕುಳಿತು ಮಾತಾಡುತ್ತಿರುವಾಗಲೇ ಲಾಳಿ ನಿಂತಿತು. ಅವಳು ಎಡಗೈಯನ್ನು ಎದೆಯ ಮೇಲೆ ಒತ್ತಿ, ಸೊಂಟದ ಚೀಲದಿಂದ ಒಂದು ಗುಳಿಗೆ ತೆಗೆದು ನಾಲಿಗೆಯ ಕೆಳಗಿಟ್ಟುಕೊಂಡಳು. ಮೂಗಿನ ತುದಿಯಲ್ಲಿ ಬೆವರು ಮೂಡಿತು. "ನೋವು ಬಂತೇನು ಚಿಗವ್ವಾ?" ಎಂದೆ. "ಏನಿಲ್ಲಬೇ, ಬಾಯಿ ಸಪ್ಪಗ ಆಗಿತ್ತ" ಎಂದಳು, ನನ್ನ ಮುಖ ನೋಡದೆ. ಸಂಜೆ ಗುಲ್ಷನ ಬಂದಳು, ನಿಂತಲ್ಲೇ ಕೇಳಿದಳು, ನಿಂತಲ್ಲೇ ಬರೆದಳು. ಅವಳು ಹೋದ ಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ್ದ ದಿನಚರಿ ತೆಗೆದು ನೋಡಿದೆ. ಸೊನ್ನೆ. ಹಿಂದಿನ ಪುಟವೂ ಸೊನ್ನೆ, ಅದರ ಹಿಂದಿನದೂ. ಒಂದೇ ನೀಲಿ ಪೆನ್ನು, ಒಂದೇ ಓರೆ, ಒಂದೇ ಸಲಕ್ಕೆ ಕುಳಿತು ಬರೆದಂತೆ.

ಆ ರಾತ್ರಿಯ ಬಸ್ಸಿನಲ್ಲಿ ನನ್ನ ಸಂಶಯ ಎಷ್ಟು ಬೇಗ ಮನೆ ಕಟ್ಟಿತು ಎಂದು ಈಗ ಬೆರಗಾಗುತ್ತೇನೆ. ಚಿಗವ್ವನಿಗೆ ಹೀಗೆ ಹೇಳು ಎಂದು ಯಾರೋ ಕಲಿಸಿದ್ದಾರೆ. ಗುಲ್ಷನಳಿಗೆ ಹೀಗೆ ಬರೆ ಎಂದು ಯಾರೋ ಹೇಳಿದ್ದಾರೆ. ಆ 'ಯಾರೋ' ನೀನೇ. ನಿನಗೆ ಈ ಔಷಧ ಗೆಲ್ಲಲೇಬೇಕು, ಯಾಕೆಂದರೆ ನಿನ್ನ ಅಬ್ಬಾ ಫಕೀರಸಾಬ ಕಾಕಾ ನರಗುಂದದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ, ಜೀಪಿನ ಹಿಂದಿನ ಸೀಟಿನಲ್ಲಿ, ನಿನ್ನ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡರು. ಮೂರನೆಯ ದಿನ ನರಗುಂದದ ನಿಮ್ಮ ಮನೆಗೆ ಬಂದಾಗ ನೀನು ನನ್ನ ಕೈ ಹಿಡಿದು, "ಭುವನಾ, ಒಂದ ತಾಸ ಸಿಕ್ಕಿದ್ರ ಸಾಕಿತ್ತ" ಎಂದೆ. ಹದಿನೇಳು ವರ್ಷದ ಹುಡುಗಿಯ ಆ ಮಾತನ್ನು ನಾನು ನಿನ್ನ ವಿರುದ್ಧ ಸಾಕ್ಷಿಯ ಹಾಗೆ ಬಳಸಿಕೊಂಡೆ. ದೂರಿನಲ್ಲಿ ಒಂದು ವಾಕ್ಯವಿದೆ: 'ಮುಖ್ಯ ಸಂಶೋಧಕಿಗೆ ಫಲಿತಾಂಶದಲ್ಲಿ ವೈಯಕ್ತಿಕ ಆಸಕ್ತಿ ಇರುವ ಸಾಧ್ಯತೆ ಇದೆ.' ಅದು ಫಕೀರಸಾಬ ಕಾಕಾ, ನಾಹೀದ. ನಿನಗೆ ತಿಳಿದಿರಲಿಕ್ಕಿಲ್ಲ.

ಇನ್ನೊಂದನ್ನೂ ಕೇಳಿಕೊಳ್ಳಬೇಕು. ಮೆಡಿಕಲ್ ಸೀಟು ನಿನಗೆ ಸಿಕ್ಕಿತು, ನನಗೆ ಹನ್ನೊಂದು ಅಂಕದಲ್ಲಿ ತಪ್ಪಿತು. ರೋಣದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಇಪ್ಪತ್ತು ವರ್ಷವಾಯಿತು, ಅದರ ಬಗ್ಗೆ ದುಃಖವಿಲ್ಲ ಎಂದೇ ಎಲ್ಲರಿಗೂ ಹೇಳಿದ್ದೇನೆ. ಆ ಹನ್ನೊಂದು ಅಂಕ ದೂರು ಬರೆಯುವಾಗ ನನ್ನ ಪಕ್ಕದಲ್ಲಿ ಕುಳಿತಿತ್ತೋ ಇಲ್ಲವೋ? ಇರಲಿಲ್ಲ ಎಂದು ಆಣೆ ಮಾಡಲಾರೆ.

ಏಪ್ರಿಲ್ ನಾಲ್ಕರಂದು ರೋಣದ ಬಸ್ ನಿಲ್ದಾಣದಲ್ಲಿ ಗುಲ್ಷನ ಸಿಕ್ಕಳು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಅವಳಿಗೆ ಹೇಳಿದ್ದಾರೆ, ರೋಗಿಗಳ ಮನೆಯವರ ಫೋನು ಎತ್ತಬಾರದೆಂದು ನಿಮಗೆಲ್ಲ ಹೇಳಿದ್ದಾರೆ ಎಂದು ಅವಳಿಂದಲೇ ಗೊತ್ತಾಯಿತು. ನನ್ನನ್ನು ಕಂಡವಳೇ, "ನೋಡ್ರಿ ಅಕ್ಕಾರ, ಯಾವ ಪುಣ್ಯಾತ್ಮರೋ ದೂರ ಬರದಾರ. ಹೆಸರ ಹಾಕಾಕ ಮಾತ್ರ ಪೆನ್ನಿನ್ಯಾಗ ಶಾಯಿ ತೀರಿತ್ತ ಕಾಣತೈತಿ" ಎಂದಳು. ನಾನು ಬಸ್ಸಿನ ಬೋರ್ಡು ಓದುವವಳಂತೆ ಆಚೆ ನೋಡಿದೆ. ಅವಳು ಮಾತು ನಿಲ್ಲಿಸಲಿಲ್ಲ. "ನಾ ಏನ ಮಾಡಲಿರಿ? ಅವರು ಇಲ್ಲ ಅಂದ್ರ ಸೊನ್ನಿ ಹಾಕೂದ ನನ್ನ ಕೆಲಸ. ನಿಮ್ಮ ಕಾಕಾ ಒಂದಿನ ಹೊರಗ ಬಂದು, 'ಈಗ ಕೇಳಬ್ಯಾಡ ತಂಗಿ, ಹಾಸ ಇಳದ ಮ್ಯಾಲ ಕೇಳ' ಅಂದಿದ್ರು. ದಿನಾ ಕೇಳಬೇಕ ಅಂತ ಕಾಗದದಾಗ ಐತಿ, ಹ್ಯಾಂಗ ಬಿಡಲಿ? ಕೇಳಿದೆ, ಬರದೆ."

ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಎಂದು ನನಗೆ ಗೊತ್ತು. ಅದಕ್ಕೂ ಎದೆನೋವಿಗೂ ಏನು ಸಂಬಂಧ ಎಂದು ಗೊತ್ತಿರಲಿಲ್ಲ. ಮರುದಿನವೇ ಹೋಗಿ ಹನಮಂತಪ್ಪ ಕಾಕಾನನ್ನು ಮನೆಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ. ಅವನು ಒಮ್ಮೆ ಒಳಗೆ ನೋಡಿ ದನಿ ಇಳಿಸಿದ. "ನಿನಗ ಯಾರೂ ಹೇಳಿಲ್ಲೇನ? ನೀ ಸೂಟಿಗೆ ಬರ್ತಿದ್ದಿ, ಮಾವಿನಹಣ್ಣ ತಿಂದು ಹೋಗತಿದ್ದಿ. ಮದುವಿ ಹಾಸ ಮ್ಯಾಲಿದ್ದಾಗ ನಮ್ಮ ಮನ್ಯಾಗ ಬ್ಯಾನಿ ಮಾತ ಆಡೂದಿಲ್ಲ. ನಮ್ಮವ್ವನೂ ಆಡಲಿಲ್ಲ, ಆಕಿ ಅತ್ತಿನೂ ಆಡಲಿಲ್ಲ. ಆಡಿದ ಮಾತ ನೂಲಿಗೆ ಹತ್ತತೈತಿ." ಹಾಗಾದರೆ ಹಾಸು ಇಳಿದ ಮೇಲೆ ಹೇಳಬಹುದಿತ್ತಲ್ಲ ಎಂದೆ. ಕಾಕಾ ನಕ್ಕ. "ಫೆಬ್ರವರಿ ಹದಿನೇಳಕ್ಕ ಮದಲನೇದ ಏರಿಸಿದ್ವಿ, ಎಲ್ಲಿ ಇಳಿತದ? ಈ ವರ್ಷ ಮದುವಿ ಭಾಳ. ಒಂದ ಹಾಸ ಮುಗಿಯೂದಕ್ಕ ಇನ್ನೊಂದರ ಎಳಿ ಅದರ ತುದಿಗೇ ಹೊಸೆದ ಕೂಡಸ್ತೇವಿ. ಬಸವ ಜಯಂತಿ ಆದ ಮ್ಯಾಲೂ ತಿಂಗಳ ಮಟ ಐತಿ ಕೆಲಸ."

ನೋಡು ನಾಹೀದ, ಅವಳನ್ನು ಎಲ್ಲರೂ ಕೇಳಿದೆವು. ನೀನು ಫೋನಿನಲ್ಲಿ ಕೇಳಿದೆ, ಗುಲ್ಷನ ಸಂಜೆ ಕೇಳಿದಳು, ನಾನು ಎದುರು ಕುಳಿತು ಕೇಳಿದೆ. ಇದೆಲ್ಲ ಕೇಳಿದ್ದು ಅವಳು ಮಗ್ಗದಲ್ಲಿರುವಾಗ, ಯಾರದೋ ಮಗಳ ಮದುವೆ ಸೀರೆಯ ಎದುರಿಗೆ.

ಮೊನ್ನೆ ಗುರುವಾರ ಕನ್ನಡಕ ಮಾಡಿಸುವ ನೆಪ ಹೇಳಿ ಅವಳನ್ನು ರೋಣಕ್ಕೆ ಹೊರಡಿಸಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಳು. ಒಂದಷ್ಟು ಹೊತ್ತು ಕಡಲೆ ಕಿತ್ತ ಹೊಲಗಳನ್ನು ನೋಡುತ್ತಿದ್ದಳು. ರಾಜೂರ ದಾಟಿದ ಮೇಲೆ ಸೊಂಟದ ಚೀಲಕ್ಕೆ ಕೈಹಾಕಿ, ಗುಳಿಗೆಯ ಡಬ್ಬಿಯೊಳಗಿಂದ ಒಂದು ನೂಲು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಉಳಿದ ನೂಲಿನ ತುಂಡುಗಳನ್ನೇ ಒಂದಕ್ಕೊಂದು ಕಟ್ಟಿದ್ದಿರಬೇಕು. ಸ್ವಲ್ಪ ದೂರ ಕೆಂಪು, ಸ್ವಲ್ಪ ದೂರ ಹಸಿರು, ಮತ್ತೆ ಕೆಂಪು. ತುಂಬ ಸಣ್ಣ ಗಂಟುಗಳು. "ಎಣಸ" ಎಂದಳು.

ಎಣಿಸಿದೆ. ಬಸ್ಸು ಕುಲುಕಿದಾಗ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದೆ. ನಲವತ್ತಮೂರು. ಫೆಬ್ರವರಿ ಹದಿನೇಳರಿಂದ ಆ ದಿನದವರೆಗೆ. ಒಂದೊಂದು ಸಲ ಎದೆ ಹಿಂಡಿದಾಗಲೂ ಒಂದೊಂದು ಗಂಟು. ಸೂಜಿಗೆ ಮುಂಚೆ ವಾರಕ್ಕೆ ಐದಾರು, ಈಗಲೂ ಐದಾರು.

"ಯಾಕ ಚಿಗವ್ವಾ?" ಎಂದೆ.

"ಲೆಕ್ಕ ಇಡು ಅಂದಿದ್ರಲ್ಲ, ಇಟ್ಟೇನಿ. ಬಾಯಿಲೆ ಅಂದಿಲ್ಲ ಅಷ್ಟ. ಮಂದಿ ಮಗಳು ಉಡೂ ಸೀರಿ ಅದು. ನಂದು ಆಕಿ ಯಾಕ ಉಡಬೇಕ?" ಆಮೇಲೆ ನೂಲನ್ನು ತಿರುಗಿ ತೆಗೆದುಕೊಂಡು ಡಬ್ಬಿಗೆ ಹಾಕಿದಳು. "ಹಾಸ ಇಳದ ಮ್ಯಾಲ ಎಲ್ಲಾ ಕೂಡಿ ಹೇಳಿದ್ರಾತ ಅಂತಿದ್ದೆ. ನೀನೂ ಈಗ ಯಾರ ಮುಂದೂ ಅನ್ನಬ್ಯಾಡ." ನಾನು ಆಯ್ತು ಎಂದೆ. ಹೀಗೆ ಅವಳು ನನ್ನಿಂದ ಮಾತು ತೆಗೆದುಕೊಂಡಳು.

ಅವಳು ಸುಳ್ಳು ಹೇಳಿರಲಿಲ್ಲ, ಗುಲ್ಷನ ಸುಳ್ಳು ಬರೆದಿರಲಿಲ್ಲ, ನೀನು ಸುಳ್ಳು ಬರೆಸಿರಲಿಲ್ಲ. ಇದನ್ನು ಬರೆದ ಮೇಲೆ ನನ್ನ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಸಂಶಯ ಒಮ್ಮೆ ಬೇರು ಬಿಟ್ಟರೆ ಒಂದು ಕಡೆ ಕಿತ್ತರೂ ಇನ್ನೊಂದು ಕಡೆ ಚಿಗುರುತ್ತದೆ. ಕೇಳಬೇಕಾದ್ದನ್ನು ಕೇಳಿಯೇ ಬಿಡುತ್ತೇನೆ. ವಾರಕ್ಕೆ ಆರು ಸಲ ಬರುತ್ತಿದ್ದ ನೋವು ಒಂದೇ ದಿನದಲ್ಲಿ, ಒಂದು ಸೋಮವಾರದಿಂದ, ಪೂರ್ತಿ ನಿಂತಿತಲ್ಲ. ಹೊಸ ನಾಳಗಳು ತಿಂಗಳುಗಟ್ಟಲೆ ಬೆಳೆಯುತ್ತವೆ, ನೋವು ಇಳಿದರೆ ಮೆಲ್ಲಗೆ ಇಳಿಯುತ್ತದೆ ಎಂದವಳು ನೀನು. ಹಾಗಿದ್ದರೆ ಆ ಸೋಮವಾರ ಏನಾಯಿತು ಎಂದು ನಿನಗೆ ಯಾಕೆ ಅನ್ನಿಸಲಿಲ್ಲ? ನಿಮ್ಮ ಆಸ್ಪತ್ರೆಯಿಂದ ಅವಳು ಒಯ್ಯುತ್ತಿದ್ದ ನಾಲಿಗೆ ಕೆಳಗಿನ ಗುಳಿಗೆಗಳು ಎಲ್ಲಿ ಹೋಗುತ್ತಿವೆ ಎಂದು ಯಾಕೆ ಕೇಳಲಿಲ್ಲ? ಎರಡನೆಯ ಭೇಟಿಗೆ ಹುಬ್ಬಳ್ಳಿಗೆ ಬಂದಾಗ ಅವಳು ಮಗ್ಗದಿಂದ ದೂರವಿದ್ದಳು, ಆಗಲೂ ನೀನು ಕೇಳಿದ್ದು, "ಈಗ ಆರಾಮ ಐತಲ್ರಿ ಚಿಗವ್ವಾರ?" ಎಂದು. ನಾನು ಪಕ್ಕದಲ್ಲೇ ಇದ್ದೆ. ಅದು ಪ್ರಶ್ನೆಯಾಗಿರಲಿಲ್ಲ. ಆ ಸೊನ್ನೆಗಳು ನನಗೆ ಸಂಶಯ ತಂದವು, ನಿನಗೆ ಸಂತೋಷ ತಂದವು. ಇಬ್ಬರಿಗೂ ಅವು ಬೇಕಾದ ಹಾಗೇ ಕಂಡವು.

ಗಜೇಂದ್ರಗಡದಿಂದ ನಿನ್ನ ಪಟ್ಟಿಯಲ್ಲಿ ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ಏಳು ಮಂದಿ ನೇಯುವವರು ಎಂದು ಗುಲ್ಷನ ಹೇಳಿದಳು. ಚಿಗವ್ವನ ಮನೆಯ ರೂಢಿ ಉಳಿದ ಆರು ಮನೆಗಳಲ್ಲೂ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ನಿನ್ನ ಒಳ್ಳೆಯ ಫಲಿತಾಂಶದಲ್ಲಿ ಎಷ್ಟು ಮದುವೆ ಸೀರೆಗಳಿವೆ ಎನ್ನುವುದನ್ನು ನೀನೇ ಹೋಗಿ ಕೇಳಬೇಕು, ಮಗ್ಗದಿಂದ ದೂರ ಕರೆದು ಕೇಳಬೇಕು. ಚಿಗವ್ವನಿಗೆ ಸಿಕ್ಕಿದ್ದು ಔಷಧವೋ ಉಪ್ಪುನೀರೋ, ಅದೂ ನನಗೆ ಗೊತ್ತಿಲ್ಲ. ನಿನ್ನ ಔಷಧ ಸೋತಿತು ಎಂದು ನಾನು ಹೇಳುತ್ತಿಲ್ಲ. ಗೆದ್ದಿದೆ ಎಂದು ನೀನೂ ಈಗ ಹೇಳುವಂತಿಲ್ಲ, ಅಷ್ಟೆ.

ತಡಮಾಡಲು ಸಮಯವಿಲ್ಲ. ಏಪ್ರಿಲ್ ಇಪ್ಪತ್ತೊಂದು, ಸೋಮವಾರ, ಚಿಗವ್ವನ ಮೂರನೆಯ ಭೇಟಿ. ಆರು ವಾರ ನೋವಿಲ್ಲದವರ ಹಳೆಯ ಗುಳಿಗೆಗಳಲ್ಲಿ ಎರಡನ್ನು ಆ ದಿನ ನಿಲ್ಲಿಸಬೇಕು ಎಂದು ನಿಮ್ಮ ಚೀಟಿಯಲ್ಲಿ ಬರೆದಿದೆ; ಆ ಚೀಟಿಯನ್ನೂ ಕನ್ನಡಕ್ಕೆ ತಂದವಳು ನಾನೇ. ಆ ಎರಡು ಗುಳಿಗೆಗಳೇ ಅವಳನ್ನು ಈಗ ವಾರಕ್ಕೆ ಆರು ನೋವಿನಲ್ಲಿ ಹಿಡಿದಿಟ್ಟಿರಬಹುದು. ನಿಲ್ಲಿಸಿದರೆ ಹತ್ತಾಗಬಹುದು, ಇನ್ನೂ ಕೆಟ್ಟದ್ದೂ ಆಗಬಹುದು. ನೀನು ಆರಾಮ ಐತಲ್ರಿ ಎನ್ನುತ್ತೀ, ಅವಳು ಹೌದ್ರಿ ಎನ್ನುತ್ತಾಳೆ. ಅವಳ ಹಾಸು ಮೇ ಕೊನೆಯವರೆಗೆ ಇಳಿಯುವುದಿಲ್ಲ.

ಬಾಯಿಂದ ಅನ್ನುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಬರೆಯುವುದಿಲ್ಲ ಎಂದು ಕೊಟ್ಟಿಲ್ಲ ಎಂದು ಮೊನ್ನೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ವಕೀಲರ ಜಾಣತನ. ಮಾತು ಮುರಿಯುತ್ತಿದ್ದೇನೆ. ಅವಳಿಗೆ ಹೇಳಿಯೇ ಮುರಿಯುತ್ತೇನೆ: ಮಂಗಳವಾರ ಗಜೇಂದ್ರಗಡಕ್ಕೆ ಹೋಗಿ, ಅವಳನ್ನು ಓಣಿಯ ತುದಿಯವರೆಗೆ ಕರೆದುಕೊಂಡು ಬಂದು, ಡಾಕ್ಟರರಿಗೆ ಬರೆದಿದ್ದೇನೆ ಎನ್ನುತ್ತೇನೆ. ಬೈಯುತ್ತಾಳೆ. ಬಹುಶಃ ಈ ವರ್ಷ ನನಗೆ ಮಾವಿನಹಣ್ಣು ಕಳಿಸಲಿಕ್ಕಿಲ್ಲ.

ಕೊನೆಗೆ ಉಳಿದದ್ದು ನೀನು. ನನ್ನ ದೂರು ಸುಳ್ಳು ಎಂದು ಸಾಬೀತಾದರೆ ಸೊನ್ನೆಗಳು ನಿಜವೆಂದೇ ಉಳಿಯುತ್ತವೆ, ನೀನು ಗೆಲ್ಲುತ್ತೀ. ಈ ಪತ್ರವನ್ನು ಮಡಚಿ ಮೇಜಿನ ಡ್ರಾಯರಿನಲ್ಲಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೀನು ಹಾಗೆ ಮಾಡುತ್ತೀಯಾ? ಮಾಡುವುದಿಲ್ಲ ಎಂದು ನಂಬಬೇಕು ಎಂದು ಕುಳಿತೆ. ನಂಬಿಕೆ ಅರ್ಧ ದಾರಿಯವರೆಗೆ ಬಂತು. ಚಿಗವ್ವನ ಎದೆಯನ್ನು ಆ ಅರ್ಧ ನಂಬಿಕೆಯ ಮೇಲೆ ಬಿಡಲಾರೆ. ಅದಕ್ಕೆ ಸಮಿತಿಗೂ ಒಂದು ಪತ್ರ ಬರೆದಿಟ್ಟಿದ್ದೇನೆ. ದೂರು ತಪ್ಪು, ಗುಲ್ಷನಳದು ಯಾವ ತಪ್ಪೂ ಇಲ್ಲ, ಸಂಖ್ಯೆಗಳು ಮಾತ್ರ ನಿಜವಲ್ಲ ಎಂದು, ಈ ಸಲ ನನ್ನ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ಹಾಕಿ. ಆದರೆ ಅವರು ಅದನ್ನು ಓದುವ ಮೊದಲು ನೀನೇ ಎದ್ದು ಹೋಗಿ ಹೇಳಬಹುದು. ಅಷ್ಟು ಜಾಗ ನಿನಗೆ ಬಿಟ್ಟಿದ್ದೇನೆ. ಇಪ್ಪತ್ತೊಂಬತ್ತು ವರ್ಷದ ಗೆಳೆತನದಲ್ಲಿ ನಾನು ಈಗ ಕೊಡಬಲ್ಲದ್ದು ಅಷ್ಟೇ.

ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ನೀನು ನಿನ್ನ ಸಮಯಕ್ಕೆ ನೋಡಿಕೋ. ನಿನ್ನ ಕೆಲಸ ನಿಜವಾಗಲಿ ನಾಹೀದ, ತಡವಾಗಿಯಾದರೂ ಆಗಲಿ. ಜೀಪಿನಲ್ಲಿ ಮಲಗಿದವರಿಗೆ ಆ ಒಂದು ತಾಸು ಸಿಗಲಿ.

ನಿನ್ನ ಮೇಲೆ ದೂರು ಬರೆದ, ನಿನ್ನ ಬೆಂಚಿನ
ಭುವನೇಶ್ವರಿ

ಇದನ್ನು ಬುಧವಾರ, ಏಪ್ರಿಲ್ ಹದಿನಾರರಂದು ಅಂಚೆಗೆ ಹಾಕುತ್ತೇನೆ. ಸಮಿತಿಯದನ್ನು ಹದಿನೇಳಕ್ಕೆ.